ಒಂದು ಬಳಿಗೆ ನೂರು ರೊಟ್ಟಿ

ಹನ್ನೆರಡು ಮಂದಿ ಹೆಣ್ಮಕ್ಕಳು ಒಂದೇ ತಗಡಿನ ಕೆಳಗ ಕುಂತು ರೊಟ್ಟಿ ಬಡಿಯೋ ಜಾಗದಾಗ ನಗೋ ಪ್ರಸಂಗ ಹುಡುಕಬೇಕಾಗಿಲ್ಲ. ಅವೇ ಬಂದು ಕಾಲಿಗೆ ತೊಡರತಾವ. ಶಹಾಪುರದಾಗ ನಮ್ಮದೊಂದು ಕಡಕ್ ರೊಟ್ಟಿ ಕಾರ್ಖಾನಿ. ನಾನು ಅಲ್ಲಿ ಮೇಸ್ತ್ರಿ. ಅಕ್ಷರ ನನಗ ಬರಂಗಿಲ್ಲ. ನಾ ಹೇಳಾಕತ್ತೀನಿ, ಮೊಮ್ಮಗಳು ಬರಕೊಳ್ಳಾಕತ್ತಾಳ. ನಡುವ ಆಕಿ ನಕ್ಕು ಪೆನ್ನು ಕೆಳಗ ಇಟ್ಟರ ಅದು ನನ್ನ ತಪ್ಪಲ್ಲ.

ಗೋಡಿ ಮ್ಯಾಲಿನ ಹಲಗಿ

ಅಕ್ಷರ ಬರದಾಕಿ ಆರ್ಡರು ಹೆಂಗ ನೆನಪಿಡ್ತೀ ಅಂತ ಎಲ್ಲಾರೂ ಕೇಳ್ತಾರ. ಕೈಗೆ ಇಡೋ ಗಾಜಿನ ಬಳಿಲಿಂದ. ಗೋಡಿಗೆ ಒಂದು ಕಟಿಗಿ ಹಲಗಿ, ಅದಕ್ಕ ಸಾಲಾಗಿ ಬಡದ ಐದು ಕಬ್ಬಿಣದ ಮಳಿ. ಮೊದಲನೇದು ಹಿಟ್ಟು ನಾದೋದು, ಆಮ್ಯಾಲ ಬಡಿಯೋದು, ಬೇಯಿಸೋದು, ಒಣಗಿಸೋದು, ಕಡೀದು ಕಟ್ಟೋದು. ಒಂದು ಬಳಿ ಅಂದ್ರ ನೂರು ರೊಟ್ಟಿ. ಹಸಿರು ಬಳಿ ಮದುವಿ ಮನಿಗೆ, ಕರೀದು ಹೋಟೆಲಿಗೆ, ಕೆಂಪು ಹಾಸ್ಟೆಲಿಗೆ. ಕೆಲಸ ಮುಂದ ಹೋದಂಗ ಬಳಿ ಮುಂದಿನ ಮಳಿಗೆ ಹೋಗ್ತದ. ಬಾಗಿಲದಾಗ ನಿಂತು ಒಮ್ಮೆ ನೋಡಿದರ ಸಾಕು, ಎಲ್ಲಿ ಏನು ನಿಂತದ ಅಂತ ತಿಳೀತದ.

ಹೋದ ವರ್ಷ ಸಾಹುಕಾರ್ರು ಯಾದಗಿರಿಯಿಂದ ಒಬ್ಬ ಮ್ಯಾನೇಜರನ್ನ ಕರಕೊಂಡು ಬಂದರು. ಕೈಯಾಗ ಟ್ಯಾಬು, ಕಾಲಾಗ ಬಿಳಿ ಬೂಟು. ಬಂದವನೇ ಅಂದ, "ಸರ್, ರೊಟ್ಟಿ ಮಷೀನ್ ತರ್ರಿ. ಆರು ಮಂದಿ ಸಾಕು."

ಸಾಹುಕಾರ್ರು ನನ್ನ ಕಡಿ ನೋಡಿ, "ಅಮ್ಮಾ, ಒಂದು ತಿಂಗಳು ನೋಡ್ತೀನಿ. ಒಂದೇ ಒಂದು ಆರ್ಡರು ತಪ್ಪಿದರ ಹಲಗಿ ಇಳೀತದ, ಮಷೀನ್ ಏರ್ತದ," ಅಂದರು.

ಅಂದ್ರ ಆರು ಮಂದಿ ಮನಿಗೆ. ನನ್ನ ಹೆಣ್ಮಕ್ಕಳೊಳಗ ಯಾವ ಆರನ್ನ ಆರಿಸಲಿ? ನಾ ಎದ್ದು ನಿಂತೆ. "ನೋಡ್ರಿ ಸಾಹುಕಾರ, ಬೇಕಾದರ ಎರಡು ತಿಂಗಳು ನೋಡ್ರಿ."

ಮ್ಯಾನೇಜರು ಕೇಳಿದ, "ಈಗ ಒಣಗಾಕ ಎಷ್ಟು ಇಟ್ಟೀರಿ ಹೇಳ್ರಿ?"

"ಮುನ್ನೂರು ಹೋಟೆಲಿಂದು, ಇನ್ನೂರು ಹಾಸ್ಟೆಲಿಂದು. ನಿಂದು ಏನು ಹೇಳ್ತದ?"

ಅವ ಟ್ಯಾಬು ಒತ್ತಿದ, ಒರಸಿದ, ಮತ್ತ ಒತ್ತಿದ. ಕಡೀಗೆ ಅಂದ, "ಚಾರ್ಜ್ ಇಲ್ಲ."

ವೇಳೆ ಹಾಳು ಮಾಡೋರು ಯಾರು?

ಮರುದಿನ ಅವ ಮೊಬೈಲದಾಗ ಸೆಕೆಂಡು ಎಣಸಾಕ ನಿಂತ. ಒಂದು ರೊಟ್ಟಿಗೆ ಎಷ್ಟು ಹೊತ್ತು ಹಿಡೀತದ ಅಂತ ನೋಡಬೇಕಂತ.

ನಮ್ಮ ಕಡಿ ಒಲಿ ಮುಂದ ಬಂದು ನಿಂತವರನ್ನ ಬರೇ ಬಾಯಿಲೆ ಕಳಸೋ ಪದ್ಧತಿ ಇಲ್ಲ. ಮೊದಲನೇ ಒಲಿಯಾಕಿ ಬಡಿಯೋದು ಬಿಟ್ಟು, "ಬರ್ರಿ ಸರ್," ಅಂತ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮ್ಯಾಲ ಮೊಸರು ಹಾಕಿ ಕೊಟ್ಟಳು. ಎರಡನೇ ಒಲಿಗೆ ಹೋದ. ಅಲ್ಲಿಯಾಕಿ, "ಆಕಿ ಕೈಯಿಂದು ತಿಂದು ನಂದು ಬ್ಯಾಡ ಅಂತೀರಾ? ನನ್ನ ಕೈ ಏನ್ ಮಾಡ್ಯಾದ?" ಅಂತ ಗಲ್ಲ ಉಬ್ಬಿಸಿದಳು. ತಿಂದ. ಆರನೇ ಒಲಿಗೆ ಬರೋದ್ರಾಗ ಅವನ ಬೆಲ್ಟು ಸಡಲಾಗಿತ್ತು. ಏಳನೇದಕ್ಕ ಗೋಡಿಗೆ ಒರಗಿ ಕುಂತ. ಎಂಟನೇ ಒಲಿಯಾಕಿ ಅಲ್ಲಿಗೇ ತಂದು ಕೊಟ್ಟಳು, ತಿಂದು ಮುಗಿಸೋದ್ರಾಗ ಗೊರಕಿ.

ಸಂಜಿಗೆ ಸಾಹುಕಾರ್ರು ವರದಿ ಕೇಳಿದರು. ಅವ ಪಾಪ, ಸುಳ್ಳು ಹೇಳೋ ಮನಿಶ್ಯಾ ಅಲ್ಲ. ತಲಿ ಬಗ್ಗಿಸಿ ಅಂದ, "ಕೆಲಸ ನಿಂತಿದ್ದು ಎಂಟು ಸಲ ಸರ್. ಎಂಟೂ ಸಲ ಕಾರಣ ನಾನೇ."

ಗೋಗಿ ಆಟೋ

ಗೋಗಿ ಹಳ್ಳಿಯೊಳಗ ಒಂದು ಮನಿಗೆ ನೂರು ರೊಟ್ಟಿ ಹನ್ನೊಂದಕ್ಕ ಮುಟ್ಟಬೇಕಿತ್ತು. ಹನ್ನೊಂದೂವರಿಗೆ ಅವರ ಮನಿಯಾಗ ಪಂಗತಿ. ರೊಟ್ಟಿ ಗಂಟು ಆಟೋದಾಗ ಏರ್ಯಾದ. ಆಟೋ ಮಾತ್ರ ನಮ್ಮ ಬಾಗಿಲ ಬಿಟ್ಟು ಅಲುಗಾಡವಲ್ದು.

"ಸೀಟು ತುಂಬೋತನಕ ಗಾಡಿ ಬಿಡಂಗಿಲ್ಲ ಅಮ್ಮಾ," ಅಂದ ಆಟೋದವ, ಕಿವಿಯಾಗ ಕಡ್ಡಿ ಹಾಕ್ಕೊಂತ.

ಮ್ಯಾನೇಜರು ನನ್ನ ಮಾರಿ ನೋಡಿದ. ಒಂದು ಆರ್ಡರು ತಪ್ಪಿದರ ಸಾಕು ಅಂತ ಸಾಹುಕಾರ್ರು ಅಂದಿದ್ದರಲ್ಲ. ನಾ ಒಳಗ ತಿರುಗಿ ಕೂಗಿದೆ, "ಐದು ಮಂದಿ ಕೈ ತೊಳಕೊಂಡು ಬರ್ರೇ!"

ಐದೂ ಮಂದಿ ಸೆರಗು ಸರಿಮಾಡ್ಕೊಂಡು ಆಟೋದಾಗ ತುಂಬಿಕೊಂಡರು. ಆಟೋದವ ಖುಷಿಲೆ ಗಾಡಿ ಬಿಟ್ಟ. ಬಸ್‌ಸ್ಟ್ಯಾಂಡ್ ದಾಟಿದ ಕೂಡಲೇ ಒಬ್ಬಾಕಿ ಚೀರಿದಳು, "ಅಯ್ಯ, ಹಂಚಿನ ಮ್ಯಾಲ ರೊಟ್ಟಿ ಬಿಟ್ಟು ಬಂದೀನಿ, ನಿಲ್ಲಸೋ ಯಪ್ಪಾ!" ಆಕಿ ಇಳಿದಳು. ಉಳಿದ ನಾಲ್ಕು ಮಂದಿಗೂ ಅದೇ ಗಳಿಗಿಗೆ ಅವರವರ ರೊಟ್ಟಿ ನೆನಪಾತು.

ರೋಡಿಗೆ ಬಿದ್ದ ಗಾಡಿ ತಿರುಗಿಸಿದರ ಬಾಕಿ ಆಟೋದವರು ನಗ್ತಾರ ಅಂತ ಅವ ಹಂಗೇ ಹೋದ. ರೊಟ್ಟಿ ಹನ್ನೊಂದಕ್ಕ ಐದು ನಿಮಿಷ ಮೊದಲೇ ಮುಟ್ಟಿದವು. ಮ್ಯಾನೇಜರು ಟ್ಯಾಬಿನಾಗ ಬರಕೊಂಡ: "ಐದು ಮಂದಿ ಸಾಗಾಣಿಕಿ ಕೆಲಸಕ್ಕ ಹೋಗಿ ಬಂದರು. ನಡಕೊಂಡು."

ತಿಂಗಳ ಕಡೀ ಶುಕ್ರವಾರ

ಸಾಹುಕಾರ್ರು ಕೊಟ್ಟ ತಿಂಗಳಿನ ಕಡೀ ದಿನ ಸುರಪುರದ ಮದುವಿ ಮನಿಗೆ ಎಂಟುನೂರು ರೊಟ್ಟಿ ಹೋಗಬೇಕಿತ್ತು. ಮೊದಲನೇ ಮಳಿಗೆ ಎಂಟು ಹಸಿರು ಬಳಿ ನಾನೇ ಹಿಂದಿನ ದಿನ ಹಾಕಿದ್ದೆ. ಮುಂಜಾನೆ ಬಂದು ನೋಡಿದರ ಇಪ್ಪತ್ತು!

ಹಲಗಿಗೆ ಕುಂಕುಮ ಹಚ್ಚಿತ್ತು. ಶುಕ್ರವಾರ ನಮ್ಮವರು ಒಲಿಗೂ ಹಚ್ತಾರ, ಕಸಬರಗಿಗೂ ಹಚ್ತಾರ, ಅದಕ್ಕ ನಾ ಲಕ್ಷ್ಯ ಕೊಡಲಿಲ್ಲ. ಮ್ಯಾನೇಜರೇ ಬೇಕಂತ ಹನ್ನೆರಡು ನೂರು ಹೆಚ್ಚಿನ ಆರ್ಡರು ತಗೊಂಡಾನ, ನನ್ನ ಕೆಡವಾಕ, ಅಂತ ತಿಳ್ಕೊಂಡೆ. ಕೇಳಿದರ ಸಣ್ಣಾಕಿ ಆಗ್ತೀನಿ. ಕೇಳಲಿಲ್ಲ. ಅವ ಹಲಗಿ ನೋಡಿ, ಮುದುಕಿ ಸೊಕ್ಕಿಲೆ ಆರ್ಡರು ಹಿಡದಾಳ, ಇವತ್ತು ಬೀಳ್ತಾಳ ಅಂತ ತಿಳ್ಕೊಂಡ. ಅವನೂ ಕೇಳಲಿಲ್ಲ.

"ಏಳ್ರೇ, ಇವತ್ತು ಮಾತು ಬಂದ್!" ಅಂದೆ. ನಾನೂ ಕುಂತೆ ಬಡಿಯಾಕ. ಹನ್ನೆರಡು ಒಲಿ ಒಮ್ಮೆಲೆ ಹತ್ತಿದವು. ಮಧ್ಯಾಹ್ನದ ಹೊತ್ತಿಗೆ ಸುರಪುರದ ಎಂಟುನೂರು ಗಾಡಿ ಏರಿದವು. ಸಂಜಿ ಐದಕ್ಕ ಕಡೀ ಬಳಿನೂ ಕಡೀ ಮಳಿಗೆ ಬಂತು.

ಸಾಹುಕಾರ್ರು ಬಂದು ತಗಡು ಮುಟ್ಟೋವಷ್ಟು ರೊಟ್ಟಿ ನೋಡಿ ಬಾಯಿ ತೆರೆದರು. "ಇವು ಯಾರವು?"

ನಾ ಮ್ಯಾನೇಜರನ್ನ ನೋಡಿದೆ. ಅವ ನನ್ನ ನೋಡಿದ.

"ನೀ ತಗೊಂಡಿಲ್ಲೇನು?"

"ನೀವು ತಗೊಂಡಿಲ್ಲೇನ್ರಿ?"

ಹಿಂದಿನಿಂದ ಸಣ್ಣ ದನಿ ಬಂತು. ಅವತ್ತೇ ಕೆಲಸಕ್ಕ ಸೇರಿದ, ಬಳಿಚಕ್ರ ಅನ್ನೋ ಊರಿನಾಕಿ. ಎಲ್ಲಾರಕಿಂತ ಮೊದಲ ಬಂದಾಳ, ಗೋಡಿ ಮ್ಯಾಲ ಬಳಿ ಸಾಲು ನೋಡ್ಯಾಳ. "ದೇವಿ ಗುಡಿ ಅಂತ ತಿಳದು ಹೊಸಾ ಡಜನ್ ಹಸಿರು ಬಳಿ ಏರಿಸಿದೆನ್ರಿ. ಇಲ್ಲಿ ಕೆಲಸ ಕಡಿಮಿ ಆಗಬಾರದು ತಾಯಿ, ಅಂತ ಬೇಡಿಕೊಂಡೆ."

ಸಾಹುಕಾರ್ರು ಒಂದು ರೊಟ್ಟಿ ಮುರದು ತಿಂದರು. ಆಮ್ಯಾಲ ಮ್ಯಾನೇಜರಿಗೆ ಕೇಳಿದರು, "ನಿನ್ನ ಮಷೀನ್ ದಿನಕ್ಕ ಎಷ್ಟು ಮಾಡ್ತದ ಅಂದಿದ್ದಿ?"

"ಹದಿನೆಂಟು ನೂರು ಸರ್."

"ಇವರು ಇವತ್ತು ಎರಡು ಸಾವಿರ ಮಾಡ್ಯಾರ. ಅದ್ರಾಗ ಹನ್ನೆರಡು ನೂರು ಯಾರೂ ಹೇಳದ." ಅವರು ನಗಾಕತ್ತರು. "ಆರ್ಡರು ಒಂದೂ ತಪ್ಪಿಲ್ಲ. ಮಷೀನ್ ಬ್ಯಾಡ. ಕಡಕ್ ರೊಟ್ಟಿ ಕೆಡಂಗಿಲ್ಲ, ನೀ ಹೋಗಿ ಇವಕ್ಕ ಗಿರಾಕಿ ಹುಡುಕು."

ಮ್ಯಾನೇಜರು ಹುಡುಕಿದ, ಶ್ಯಾಣ್ಯಾ ಇದ್ದಾನ. ಹುಡುಕಾಕ ಹೋಗೋಕಿಂತ ಮೊದಲ, ಮತ್ತ ಇಂಥಾದ್ದು ಆಗಬಾರದಂತ ದೊಡ್ಡ ಅಕ್ಷರದಾಗ ಒಂದು ಫಲಕ ಬರದು ಹಲಗಿ ಕೆಳಗ ತೂಗು ಹಾಕಿದ: "ಇದು ದೇವರಲ್ಲ, ಆರ್ಡರು."

ಬಳಿಚಕ್ರದಾಕಿಗೂ ನನ್ನಂಗೇ ಅಕ್ಷರ ಬರಂಗಿಲ್ಲ. ಮರುದಿನ ಮುಂಜಾನೆ ನಾವು ಬರೋದ್ರಾಗ ಫಲಕಕ್ಕ ಅರಿಶಿಣ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡದು ಇಟ್ಟಿದ್ದಳು.