ಏನು ತಗೊಂಡ್ರೂ ಒಂದೇ ರೇಟು

ನಗುವ ಪ್ರಸಂಗ ಹುಡುಕಿಕೊಂಡು ನಾನು ಎಲ್ಲೂ ಹೋದವನಲ್ಲ. ಅಂಗಡಿ ಷಟರ್ ಎತ್ತಿದರೆ ಸಾಕು, ಅದೇ ಒಳಗೆ ಬಂದು ಸ್ಟೂಲ್ ಎಳಕೊಂಡು ಕೂರುತ್ತೆ.

ನಮ್ಮ ಸಾಹುಕಾರರ ತಂದೆ ಸಂತೆಯಲ್ಲಿ ಗೋಣಿತಾಟು ಹಾಸಿ, ಬಾಚಣಿಗೆಯಿಂದ ಟೀ ಸೋಸುವ ಜಾಲರಿಯವರೆಗೆ ಎಲ್ಲಕ್ಕೂ ಒಂದೇ ಬೆಲೆ ಕೂಗುತ್ತಿದ್ದರಂತೆ. ಮಗ ಆ ಗೋಣಿತಾಟಿಗೆ ಗೋಡೆ ಕಟ್ಟಿಸಿದರು. ಚಿಕ್ಕಬಳ್ಳಾಪುರ ಆಯಿತು, ಗೌರಿಬಿದನೂರು ಆಯಿತು, ಚಿಂತಾಮಣಿ ಆಯಿತು, ಕೊನೆಗೆ ಶಿಡ್ಲಘಟ್ಟ. ನಾಲ್ಕೂ ಕಡೆ ಅದೇ ಕೆಂಪು ಬೋರ್ಡು, ಅದೇ ಗಾಜಿನ ಬಾಗಿಲು, ಅದೇ ಗ್ರಾನೈಟ್ ಮೆಟ್ಟಿಲು. ಇದರ ವಾಸ್ತುಶಿಲ್ಪಿ ಯಾರು ಅಂತೀರಾ? ನಾನೇ. ಕಾಲೇಜಿಗೆ ಹೋಗಿ ಕಲಿತಿಲ್ಲ ಅಷ್ಟೆ. ಹೋಗಿದ್ದರೆ ಅಲ್ಲಿನ ಮೇಷ್ಟ್ರುಗಳೇ ನನ್ನ ಹತ್ತಿರ ಪಾಠ ಹೇಳಿಸಿಕೊಂಡು ಕಳಿಸುತ್ತಿದ್ದರು.

ಸಾಹುಕಾರರು ಮಾತ್ರ ಒಂದು ಮಾತು ಹೇಳಿಬಿಟ್ಟಿದ್ದರು: "ನೋಡಿ ಮ್ಯಾನೇಜರೇ, ಶಿಡ್ಲಘಟ್ಟದ್ದು ನಾಲ್ಕನೇ ಕೂಸು. ನಡೆಯದಿದ್ದರೆ ಮುಲಾಜಿಲ್ಲದೆ ಬಾಗಿಲು ಹಾಕ್ತೀನಿ." ಅಲ್ಲಿನ ಇಬ್ಬರು ಸೇಲ್ಸ್ ಹೆಣ್ಣುಮಕ್ಕಳ ಅನ್ನವೂ ನನ್ನ ಅನ್ನವೂ ಆ ಬಾಗಿಲಿಗೇ ಅಂಟಿಕೊಂಡಿತ್ತು. ಉಳಿದ ಊರುಗಳಲ್ಲಿ ಕಲಿತ ವಿದ್ಯೆಯನ್ನೆಲ್ಲ ಅಲ್ಲಿ ಸುರಿಯಬೇಕಿತ್ತು. ಆ ವಿದ್ಯೆ ಎಂಥದ್ದು ಅಂತ ಮೊದಲು ಕೇಳಿ.

ಗೌರಿಬಿದನೂರಿನ ಮೆಟ್ಟಿಲು

ಗ್ರಾನೈಟ್ ಎಷ್ಟು ಫಳಫಳ ಹೊಳೀತಿತ್ತು ಅಂದರೆ, ಹಳ್ಳಿಯಿಂದ ಬಂದವರೆಲ್ಲ ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬರೋರು. ಒಬ್ಬಾಕೆ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಪ್ಲಾಸ್ಟಿಕ್ ಮಗ್ ಕೇಳಿದಳು. ಸಂಜೆಗೆ ಯಾರ ಚಪ್ಪಲಿ ಯಾರ ಕಾಲಲ್ಲೋ. ಜಗಳ ತಾಳಲಾರದೆ ನಾನು ದೊಡ್ಡದಾಗಿ ಬರೆಸಿ ಹಾಕಿದೆ: "ದಯವಿಟ್ಟು ಚಪ್ಪಲಿ ಹಾಕಿಕೊಂಡೇ ಒಳಗೆ ಬನ್ನಿ."

ಮಾರನೇ ದಿನ ಇಬ್ಬರು ತಾತಂದಿರು ಬೋರ್ಡಿನ ಮುಂದೆ ನಿಂತು ಗುಸುಗುಸು ಮಾಡುತ್ತಿದ್ದರು. ಒಬ್ಬರ ಕಾಲಲ್ಲಿ ಮಾತ್ರ ಚಪ್ಪಲಿ. ಅವರು ಒಳಗೆ ಬಂದು ಟಾರ್ಚ್ ಕೊಂಡು, ಹೊರಗೆ ಹೋಗಿ ಚಪ್ಪಲಿ ಬಿಚ್ಚಿ ಇನ್ನೊಬ್ಬರಿಗೆ ಕೊಟ್ಟರು.

"ಹೋಗಣ್ಣ, ಈಗ ನಿನ್ನನ್ನೂ ಬಿಡ್ತಾರೆ. ಬೇಗ ಬಾ, ನೆಲ ಸುಡ್ತೈತೆ!"

ಚಿಂತಾಮಣಿಯ ಚೌಕಾಸಿ

ಚಿಂತಾಮಣಿಯಲ್ಲಿ ಚೌಕಾಸಿ ಮಾಡದೆ ಕೊಂಡರೆ ವಸ್ತುವಿಗೇ ಅವಮಾನ. ಒಬ್ಬ ಅಮ್ಮ ಸೌಟು ಎತ್ತಿ ಹಿಡಿದು, ತೆಲುಗಲ್ಲಿ "ಅನ್ನಾ, ಕೊಂಚೆಂ ತಗ್ಗಿಂಚು" ಅಂದರು.

"ಅಮ್ಮಾ, ಕಡಿಮೆ ಮಾಡೋಕಾಗಲ್ಲ. ಇಲ್ಲಿ ಏನು ತಗೊಂಡ್ರೂ ಒಂದೇ ರೇಟು."

"ಅದು ನನಗೂ ಗೊತ್ತು ಕಣಪ್ಪ. ಕೇಳದೆ ತಗೊಂಡು ಹೋದ್ರೆ ನಮ್ಮತ್ತೆ ಸುಮ್ನೆ ಬಿಡ್ತಾಳಾ?"

ನ್ಯಾಯವಾದ ಮಾತು. ನಾನು ತಲೆ ಆಡಿಸಿದೆ, ನಿಟ್ಟುಸಿರು ಬಿಟ್ಟೆ, ಗಿಟ್ಟಲ್ಲಮ್ಮ ಅಂದೆ. ಆಯಮ್ಮ ಸೌಟು ಇಟ್ಟು ಬಾಗಿಲವರೆಗೆ ಹೋದರು. ಪದ್ಧತಿ ಪ್ರಕಾರ ನಾನು ವಾಪಸ್ ಕರೆದೆ. "ಹೋಗಲಿ ಬನ್ನಿ, ನಿಮ್ಮ ಮುಖ ನೋಡಿ ಕೊಡ್ತಿದೀನಿ. ಬೋರ್ಡಿನ ರೇಟೇ ಕೊಡಿ."

ಹೊರಗೆ ಜೊತೆಯವರಿಗೆ ಹೇಳುತ್ತಿದ್ದದ್ದು ಕೇಳಿಸಿತು: "ಅವನು ಜಗ್ಗಲೇ ಇಲ್ಲ ಕಣೇ. ನಾನೂ ಬಿಡಲಿಲ್ಲ. ಕೊನೆಗೆ ಬೋರ್ಡಿನ ರೇಟಿಗೇ ಇಳಿಸಿದೆ!"

ಶಿಡ್ಲಘಟ್ಟದ ಕಂಬಗಳು

ಇನ್ನು ನಾಲ್ಕನೇ ಕೂಸಿನ ಕಥೆ. ಶಿಡ್ಲಘಟ್ಟದಲ್ಲಿ ನಮಗೆ ಸಿಕ್ಕಿದ್ದು ಹಳೇ ಕಾಲದ ಮಳಿಗೆ. ಒಳಗೆ ಕಾಲಿಟ್ಟರೆ ನಟ್ಟನಡುವೆ ಎರಡು ದಪ್ಪ ಕಲ್ಲುಕಂಬ. ಸಾಮಾನು ಕಾಣಲ್ಲ, ಗಿರಾಕಿಗೆ ದಾರಿ ಇಲ್ಲ. "ಕಿತ್ತು ಹಾಕಿಸಿ" ಅಂದರು ಸಾಹುಕಾರರು. ಮಹಡಿ ಮೇಲಿದ್ದ ಮನೆ ಓನರ್ ಅಜ್ಜಿಯನ್ನು ಕೇಳೋಕೆ ಹೋದೆ.

ಅಜ್ಜಿ ಕಾಫಿ ಕೊಟ್ಟು ಹೇಳಿದರು: "ಆ ಕಂಬ ನಮ್ಮ ಯಜಮಾನರಿದ್ದ ಹಂಗೆ ಕಣಪ್ಪ. ಒಂದು ಮಾತಾಡಲ್ಲ, ಅಡ್ಡ ನಿಂತಿರ್ತವೆ. ಆದ್ರೆ ಮನೆ ಹೊತ್ತಿರೋದು ಅವೇ."

ಅಲ್ಲಿಗೆ ಮುಗಿಯಿತು. ಕೀಳುವಂತಿಲ್ಲ ಅಂದಮೇಲೆ ಮರೆಸಬೇಕಲ್ಲ? ಎರಡೂ ಕಂಬಕ್ಕೆ ನಾಲ್ಕೂ ಮಗ್ಗುಲು ನೆಲದಿಂದ ಸೂರಿನವರೆಗೆ ಕನ್ನಡಿ ಹೊಡೆಸಿದೆ. ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಕೆಲಸ ಮುಗಿಸಿ ಬರುವ ಹೆಂಗಸರು ಸುಮ್ಮನೆ ಮುಖ ನೋಡಿಕೊಳ್ಳೋಕೆ ನುಗ್ಗಿ, ಹೋಗ್ತಾ ಒಂದು ಹೇರ್ ಕ್ಲಿಪ್ಪೋ ಬಳೆಯೋ ತಗೊಳ್ಳೋರು. ನಮ್ಮಲ್ಲಿ ಬೆಲೆ ಕೇಳಿ ಸಂಕೋಚದಿಂದ ವಾಪಸ್ ಇಡೋ ಪ್ರಮೇಯ ಇಲ್ಲವಲ್ಲ. ಬೋರ್ಡು ನೋಡಿದ ಮೇಲೆ ಸಾಹುಕಾರ್ತಿಯ ಹಾಗೆ ಆರಿಸೋರು. ಅವರ ಆ ಗತ್ತು ನೋಡಿದಾಗಲೆಲ್ಲ ಸಂತೆಯಲ್ಲಿ ಗೋಣಿತಾಟು ಹಾಸಿದ ಪುಣ್ಯಾತ್ಮರಿಗೆ ಮನಸ್ಸಲ್ಲೇ ಕೈ ಮುಗಿಯುತ್ತಿದ್ದೆ. ವ್ಯಾಪಾರ ನಿಧಾನಕ್ಕೆ ಚಿಗುರುತ್ತಿತ್ತು. ಅಷ್ಟರಲ್ಲೇ ಸಾಹುಕಾರರು ತೀರ್ಮಾನ ಮಾಡೋಕೆ ಬಂದೇಬಿಟ್ಟರು.

ಬಂದದ್ದು ಮಟಮಟ ಮಧ್ಯಾಹ್ನ. ಒಳಗೆ ಬೆರಳೆಣಿಕೆಯ ಹೆಂಗಸರು. ನಮ್ಮ ಹುಡುಗಿಯರ ಮುಖ ಬಿಳಚಿಕೊಂಡಿತು. ನನ್ನದು ಬಿಳಚಿಕೊಳ್ಳುವ ಬಣ್ಣವಲ್ಲ, ಹಾಗಾಗಿ ಬೆವರಿದೆ. ಬಿಸಿಲಿನಿಂದ ಒಳಗೆ ಬಂದ ಸಾಹುಕಾರರು ಬೋಳು ನೆತ್ತಿಯ ಬೆವರು ಒರೆಸಿಕೊಂಡು, ಕಣ್ಣು ಕಿರಿದು ಮಾಡಿ ನಿಂತರು. ಎತ್ತ ತಿರುಗಿದರೂ ಕನ್ನಡಿ. ಎತ್ತ ತಿರುಗಿದರೂ ಸೀರೆ, ಬುಟ್ಟಿ, ಜಡೆ. ಹಿಂದೊಂದು ಸಾಲು, ಅದರ ಹಿಂದೊಂದು ಸಾಲು, ಅತ್ತ ಪಕ್ಕದೂರು ವಿಜಯಪುರದವರೆಗೆ ಜನ!

"ಏನ್ರೀ ಇದು, ಕಾಲಿಡೋಕೆ ಜಾಗ ಇಲ್ಲ! ಮುಚ್ಚೋ ಮಾತೇ ಇಲ್ಲ ಬಿಡಿ, ನಡೆಸಿ" ಅಂದರು. ಹುಡುಗಿಯರು ಉಸಿರು ಬಿಟ್ಟ ಗಾಳಿಗೆ ನೇತುಹಾಕಿದ್ದ ಟವೆಲ್‌ಗಳು ಅಲ್ಲಾಡಿದವು, ಸುಳ್ಳಲ್ಲ. ನಾನು ಮಹಡಿ ಕಡೆ ನೋಡಿ, ತಾಯಿ, ನಿನ್ನ ಯಜಮಾನರು ನಮ್ಮನ್ನೂ ಹೊತ್ತರು ಅಂದುಕೊಂಡೆ.

ಹೊರಡುವಾಗ ಸಾಹುಕಾರರು ಗಕ್ಕನೆ ನಿಂತು, ಕಂಬದ ಕಡೆ ಕಣ್ಣಲ್ಲೇ ತೋರಿಸಿ ನನ್ನ ಕಿವಿಯಲ್ಲಿ ಗದರಿದರು: "ಗಿರಾಕೀನ ಹಿಂಗಾ ನೋಡ್ಕೊಳ್ಳೋದು? ಆ ಬೊಕ್ಕತಲೆಯೋರು ಆಗಲಿಂದ ನನ್ನನ್ನೇ ನೋಡ್ತಾ ನಿಂತವ್ರೆ, ಪಾಪ. ನನ್ನ ಬಿಡಿ, ಮೊದಲು ಅವರನ್ನ ವಿಚಾರಿಸಿ!"

"ಅವರು ಏನೂ ತಗೊಳ್ಳಲ್ಲ ಸಾರ್," ಅಂದೆ, "ನೀವು ಬಂದಾಗ ಮಾತ್ರ ಬರ್ತಾರೆ, ನೀವು ಹೋದ ತಕ್ಷಣ ಅವರೂ ಹೋಗ್ತಾರೆ."