ಕೆಟ್ಟದ್ದೇ ಆಗದ ಶೆಡ್ಡು

ಸ್ಪ್ರಿಂಗಪ್ಪ ಗಾಜಿನ ತುಂಡಿನ ಮೇಲೆ ಒಂದೊಂದೇ ಸ್ಪ್ರಿಂಗನ್ನು ನಿಲ್ಲಿಸಿ ನೋಡುತ್ತಿದ್ದ. ನೆಟ್ಟಗೆ ನಿಂತದ್ದು ಬಲಗಡೆಯ ಟ್ರೇಗೆ ಹೋಗುತ್ತಿತ್ತು. ಕೂದಲೆಳೆಯಷ್ಟು ವಾಲಿದರೂ ಸರಿ, ಬ್ರಶ್ ತೆಗೆದು ಅದರ ನೆತ್ತಿಗೆ ಕೆಂಪು ಬಣ್ಣ ಮುಟ್ಟಿಸಿ ಕಾಲ ಬಳಿಯ ಎರಡು ತಗಡಿನ ಡಬ್ಬಗಳಲ್ಲೊಂದಕ್ಕೆ ಹಾಕುತ್ತಿದ್ದ. ಹೆಂಡತಿ ಟೀ ತಂದಿಟ್ಟು ಹೋದದ್ದು, ಅದು ಆರಿ ಮೇಲೆ ಕೆನೆ ಕಟ್ಟಿದ್ದು, ಒಂದು ನೊಣ ಬಂದು ಅದರ ರುಚಿ ನೋಡಿದ್ದು ಯಾವುದೂ ಅವನ ಗಮನಕ್ಕೆ ಬಂದಿರಲಿಲ್ಲ.

ಅಷ್ಟರಲ್ಲಿ ಫೋನ್ ಬಂತು.

"ಪಂಪ್ ಕಂಪನಿಯಿಂದ ಮಾತಾಡ್ತಿರೋದು. ನೀವು ಕಳಿಸಿದ ಸ್ಯಾಂಪಲ್ ನೋಡಿದ್ವಿ, ಚೆನ್ನಾಗಿದೆ. ಈಗ ನಿಮ್ಮ ಜಾಗ ನೋಡಬೇಕು. ಹನ್ನೊಂದು ಗಂಟೆಗೆ ಬರ್ತೀನಿ," ಎಂದಿತು ಒಂದು ಹೆಣ್ಣು ದನಿ.

ಸ್ಪ್ರಿಂಗಪ್ಪ ಎದ್ದು ನಿಂತ. "ಬನ್ನಿ ಮೇಡಂ. ಜಾಗದಲ್ಲಿ ಏನು ನೋಡ್ತೀರಿ?"

"ಎಲ್ಲಾನೂ," ಎಂದು ಆಕೆ ಫೋನ್ ಇಟ್ಟರು.

ಆ 'ಎಲ್ಲಾನೂ' ಅವನ ತಲೆಯೊಳಗೆ ದುಂಬಿಯಂತೆ ಗುಂಯ್‌ಗುಡತೊಡಗಿತು. ಎಲ್ಲಾನೂ ಎಂದರೆ ಏನೇನು? ಇರುವುದು ಮನೆಯ ಹಿಂದಿನ ಒಂದು ಶೆಡ್ಡು, ಅದರೊಳಗೆ ಒಂದು ಮಷಿನ್ನು, ಅದರ ಮುಂದೆ ಒಬ್ಬ ಸ್ಪ್ರಿಂಗಪ್ಪ. ಕಣ್ಣು ಮಿಟುಕಿಸುವುದರೊಳಗೆ ನೋಡಿ ಮುಗಿಯುತ್ತದೆ. ಅಷ್ಟಕ್ಕಾಗಿ ದೊಡ್ಡ ಕಂಪನಿಯವರು ಕಾರು ಮಾಡಿಕೊಂಡು ಬರುತ್ತಾರೆಂದರೆ ಅವರು ನೋಡುವುದು ಬೇರೇನೋ ಇರಬೇಕು. ಅದು ಏನು?

ಅದು ತಿಳಿಯದೆ ಅವನಿಗೆ ಉಳಿಗಾಲವಿರಲಿಲ್ಲ. ಇಷ್ಟು ವರ್ಷ ಅವನ ಸ್ಪ್ರಿಂಗ್ ಕೊಳ್ಳುತ್ತಿದ್ದ ಸೈಕಲ್ ಸೀಟಿನ ಕಾರ್ಖಾನೆ ಬಾಗಿಲು ಹಾಕಿತ್ತು. ಮಷಿನ್ ಕೊಳ್ಳುತ್ತೇನೆಂದು ಒಬ್ಬ ಬಂದು, ಕುದುರೆಯ ಹಲ್ಲು ನೋಡುವಂತೆ ಗೇರುಗಳನ್ನು ಎಣಿಸಿ ಹೋಗಿದ್ದ. ಪಂಪ್ ಕಂಪನಿ ಕೈ ಹಿಡಿಯದಿದ್ದರೆ ಮಷಿನ್ ಮಾರಿ, ಪಕ್ಕದ ಶೆಡ್ಡಿಗೆ ಆಳಾಗಿ ಹೋಗಬೇಕು. ಪಕ್ಕದ ಶೆಡ್ಡು ಅವನ ಭಾಮೈದನದು. ತಂತಿ ಯಾವುದು, ಸ್ಪ್ರಿಂಗ್ ಯಾವುದು ಎಂದು ತಿಳಿಯದಿದ್ದವನನ್ನು ಕೂರಿಸಿಕೊಂಡು ಕಸುಬು ಕಲಿಸಿದ್ದು ಸ್ಪ್ರಿಂಗಪ್ಪನೇ. ಭಾಮೈದ ಎಲ್ಲವನ್ನೂ ಕಲಿತ, ಆರಿಸುವುದೊಂದನ್ನು ಬಿಟ್ಟು. ಅವನ ಮಷಿನ್ನಿನಿಂದ ಬಿದ್ದ ಹತ್ತರಲ್ಲಿ ಒಂಬತ್ತು ಚೆನ್ನಾಗಿಯೇ ಇರುತ್ತಿದ್ದವು. ಹತ್ತನೆಯದೂ ಅದೇ ಪೆಟ್ಟಿಗೆಯಲ್ಲಿ ಹೋಗುತ್ತಿತ್ತು.

"ಕಂಪನಿಯೋರು ಏನು ನೋಡ್ತಾರೆ ಅಂತೀಯಾ?" ಎಂದು ಸ್ಪ್ರಿಂಗಪ್ಪ ಹೆಂಡತಿಯನ್ನು ಕೇಳಿದ.

"ನನ್ನ ಕೇಳಿದ್ರೆ? ನಿಮ್ಮ ಬನಿಯನ್ ತೂತು ನೋಡ್ತಾರೆ. ಮೊದಲು ಅದನ್ನ ಬದಲಾಯ್ಸಿ."

ಒಳಗಿನಿಂದ ಅತ್ತೆಯ ದನಿ ಬಂತು. "ಬಾಡಿಗೆ ಮನೆ ನೋಡೋಕೆ ಬಂದೋರು ಮೊದಲು ಬಚ್ಚಲು ನೋಡ್ತಾರೆ. ಬಚ್ಚಲು ತೊಳೀರಿ."

ಗೋಡೆಯಾಚೆಯಿಂದ ಒಂದು ಬೋಳು ತಲೆ ಎದ್ದಿತು. ಅದು ಸ್ಟೋರ್ ಮಾವನದು. ಯಾರಿಗೂ ನಿಜವಾದ ಮಾವನಲ್ಲ. ಒಂದು ದೊಡ್ಡ ಕಾರ್ಖಾನೆಯ ಸ್ಟೋರಿನಲ್ಲಿ ಬೀಗದ ಕೈ ಕಾಯ್ದು ನಿವೃತ್ತನಾಗಿ, ಈಗ ಬೀದಿಯವರ ಮನೆಯ ಸಂಗತಿಗಳನ್ನು ಕಾಯುತ್ತಿದ್ದ.

"ಕಂಪನಿಯೋರು ಸಪ್ಲೈಯರ್ ಆರಿಸೋದು ಹೇಗೆ ಅಂತ ನನ್ನ ಕೇಳಪ್ಪ," ಎಂದ ಆತ, ಕೇಳುವ ಮೊದಲೇ ಗೋಡೆ ದಾಟಿ ಬಂದು. "ಮಾಲು ಯಾರೂ ನೋಡಲ್ಲ. ಮಾಲು ಎಲ್ಲರದ್ದೂ ಒಂದೇ. ಅವರು ನೋಡೋದು ಮೂರು. ಬಣ್ಣ, ಜನ, ಚೊಕ್ಕಟ. ನಿನ್ನ ಮಷಿನ್ನಿಗೆ ಬಣ್ಣ ಇಲ್ಲ, ಶೆಡ್ಡಲ್ಲಿ ಜನ ಇಲ್ಲ. ಇನ್ನು ಚೊಕ್ಕಟ..." ಆತನ ಕಣ್ಣು ಕೆಳಗಿಳಿಯಿತು. "ಇದೇನಿದು?"

"ವಾಲಿದ ಪೀಸು. ಬೇರೆ ತೆಗೆದು ಇಡ್ತೀನಿ."

"ಬಾಗಿಲಲ್ಲೇ ಡಬ್ಬಗಟ್ಟಲೆ ಕೆಟ್ಟ ಮಾಲು ಇಟ್ಕೊಂಡು ಗಿರಾಕಿನ ಬನ್ನಿ ಅಂತ ಕರೀತಿದೀಯಲ್ಲೋ. ಹೋಟೆಲ್ಲಿನೋನು ಹಳಸಿದ್ದನ್ನ ತಟ್ಟೇಲಿ ಹಾಕಿ ಗಲ್ಲಾ ಮೇಲೆ ಇಡ್ತಾನಾ? ತೆಗಿ, ತೆಗಿ."

ಸ್ಪ್ರಿಂಗಪ್ಪನಿಗೆ ಮನಸ್ಸಿರಲಿಲ್ಲ. ಆದರೆ ಸ್ಟೋರ್ ಮಾವ ಕಂಪನಿ ಕಂಡವನು. ತಾನು ಕಂಡದ್ದು ಸೈಕಲ್ ಸೀಟು.

"ಎಲ್ಲಿ ಇಡೋದು?" ಎಂದಳು ಹೆಂಡತಿ ಎರಡು ಡಬ್ಬಗಳನ್ನೂ ಎಳೆಯುತ್ತ.

"ಚಿಕ್ಕೋನ ಶೆಡ್ಡಿನ ಬಾಗಿಲಲ್ಲಿ ಇಡೇ," ಎಂದರು ಅತ್ತೆ. ಚಿಕ್ಕೋನು ಎಂದರೆ ಅವರ ಮಗ, ಅದೇ ಭಾಮೈದ. "ಅವನು ಮಾಲು ಕೊಡೋಕೆ ಹೋಗಿದ್ದಾನೆ, ಮಧ್ಯಾಹ್ನಕ್ಕೆ ಬರೋದು. ಯಾರು ನೋಡ್ತಾರೆ."

ಡಬ್ಬಗಳು ಹಿಂದಿನ ಓಣಿಗೆ, ಭಾಮೈದನ ಬಾಗಿಲಿಗೆ ಹೋದವು. ಆಮೇಲೆ ಶೆಡ್ಡಿನಲ್ಲಿ ನಡೆದದ್ದನ್ನು ನೋಡಿದ್ದರೆ ಮಷಿನ್ನು ತಾನಾಗಿಯೇ ಎದ್ದು ಓಡುತ್ತಿತ್ತು. ಸ್ಟೋರ್ ಮಾವ ಮನೆಯಿಂದ ಗೇಟಿಗೆ ಬಳಿದು ಉಳಿದಿದ್ದ ನೀಲಿ ಬಣ್ಣ ತಂದು, ಅಜ್ಜನಿಗೆ ಅಂಗಿ ತೊಡಿಸುವಂತೆ ಮಷಿನ್ನಿನ ಮೈಗೆಲ್ಲ ಬಳಿದ. ಹೆಂಡತಿ ನೆಲಕ್ಕೆ ಬಕೆಟ್ ಬಕೆಟ್ ನೀರು ಸುರಿದಳು. ಅತ್ತೆಯನ್ನು ಮೂಲೆಯ ಮೇಜಿನ ಮುಂದೆ ಕೂರಿಸಿ, ಕೈಗೆ ರಟ್ಟಿನ ಪೆಟ್ಟಿಗೆ ಕೊಟ್ಟು, 'ಪ್ಯಾಕಿಂಗ್ ವಿಭಾಗ' ಎಂದು ಹೆಸರಿಟ್ಟರು. ಸ್ಟೋರ್ ಮಾವ ತನ್ನ ಹಳೆಯ ಕೋಟು ಹಾಕಿಕೊಂಡು ಮ್ಯಾನೇಜರ್ ಆದ.

"ಹಂಗಾದ್ರೆ ನಾನು?" ಎಂದ ಸ್ಪ್ರಿಂಗಪ್ಪ.

"ನೀನು ಸುಮ್ನಿರು. ಏನು ಕೇಳಿದ್ರೂ 'ನಮ್ಮಲ್ಲಿ ಅಂಥದ್ದೇನೂ ಇಲ್ಲ ಮೇಡಂ' ಅನ್ನು. ಕೆಡೋ ಮಾತೇ ಇಲ್ಲ."

ಹನ್ನೊಂದಕ್ಕೆ ಸರಿಯಾಗಿ ಮೇಡಂ ಬಂದರು. ಸಣ್ಣ ಆಳು, ದಪ್ಪ ಕನ್ನಡಕ. ಬೀದಿ ಕಿರಿದಾದ್ದರಿಂದ ಕಾರು ತಿರುಗಿಸಲಾರದೆ, ಹಿಂದಿನ ಓಣಿಗೆ ಸುತ್ತಿ ತಂದು ನಿಲ್ಲಿಸೆಂದು ಡ್ರೈವರನಿಗೆ ಹೇಳಿ ಮುಂಬಾಗಿಲಿಂದಲೇ ಒಳಗೆ ಬಂದರು.

ಸ್ಪ್ರಿಂಗಪ್ಪ ಅವರ ಕಣ್ಣನ್ನೇ ಹಿಂಬಾಲಿಸಿದ. ಗೋಡೆ ನೋಡಲಿಲ್ಲ. ಚೊಕ್ಕಟವಾದ ನೆಲದ ಮೇಲೆ ಜಾರಿ, ಮೇಜು ಹಿಡಿದು ಸಾವರಿಸಿಕೊಂಡರೇ ಹೊರತು ನೆಲವನ್ನೂ ನೋಡಲಿಲ್ಲ. ತಂತಿಯ ಸುರುಳಿಗೆ ಕಟ್ಟಿದ್ದ ಚೀಟಿ ನೋಡಿದರು. ಮೇಜಿನ ಕೆಳಗೆ ಬಗ್ಗಿ ನೋಡಿದರು. ಬಾಗಿಲ ಹಿಂದೆ ನೋಡಿದರು. ಏನೋ ಕಳೆದುಕೊಂಡವರಂತೆ ಮೂಲೆ ಮೂಲೆ ಹುಡುಕುತ್ತಿದ್ದರು. 'ಏನು ಬೇಕು ಹೇಳಿ, ನಾನೇ ಹುಡುಕಿ ಕೊಡ್ತೀನಿ' ಎನ್ನುವ ಮಾತು ಸ್ಪ್ರಿಂಗಪ್ಪನ ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಮೇಡಂ ಅತ್ತೆಯ ಮುಂದೆ ನಿಂತರು. "ಎಷ್ಟು ವರ್ಷದಿಂದ ಇಲ್ಲಿ ಇದ್ದೀರಮ್ಮ?"

"ಇವರಿಗೆ ನನ್ನ ಮಗಳನ್ನ ಕೊಟ್ಟಾಗಿಂದ," ಎಂದರು ಅತ್ತೆ.

ಸ್ಟೋರ್ ಮಾವ ಕೆಮ್ಮಿದ. "ಕೆಲಸಗಾರರನ್ನ ನಾವು ಮನೆಯೋರ ಥರಾನೇ ನೋಡ್ಕೊಳ್ಳೋದು ಮೇಡಂ."

"ಮಷಿನ್ ಓಡಿಸಿ," ಎಂದರು ಮೇಡಂ.

ಸ್ಪ್ರಿಂಗಪ್ಪ ಹಿಡಿಗೆ ಕೈ ಹಾಕಿದ. ಕೈ ಅಂಟಿಕೊಂಡಿತು. ಕಿತ್ತಾಗ ಅಂಗೈ ನೀಲಿಯಾಗಿತ್ತು. ಮಷಿನ್ ಒಮ್ಮೆ ನರಳಿ ತಿರುಗಿತು. ಬಣ್ಣ ಬಳಿಯುವಾಗ ಸ್ಟೋರ್ ಮಾವನ ಬ್ರಶ್ಶು ತಂತಿ ಹಾದುಬರುವ ತೂತಿನೊಳಗೂ ಹೊಕ್ಕಿದ್ದರಿಂದ, ಮೊದಲ ಸ್ಪ್ರಿಂಗು ನೀಲಿಯಾಗಿ, ಕುಡುಕನಂತೆ ವಾಲಿಕೊಂಡು ಹೊರಬಿತ್ತು.

"ಬಣ್ಣದ ಸ್ಪ್ರಿಂಗೂ ಮಾಡ್ತೀರಾ?" ಎಂದರು ಮೇಡಂ.

"ತುಕ್ಕು ಹಿಡಿಯಲ್ಲ ಮೇಡಂ," ಎಂದ ಸ್ಟೋರ್ ಮಾವ.

ಸ್ಪ್ರಿಂಗಪ್ಪ ಅಭ್ಯಾಸಬಲದಿಂದ ಅದನ್ನು ಎತ್ತಿಕೊಂಡು ಕಾಲ ಬಳಿ ಕೈ ಇಳಿಬಿಟ್ಟ. ಅಲ್ಲಿ ಡಬ್ಬವಿರಲಿಲ್ಲ. ಕೆಟ್ಟ ಸ್ಪ್ರಿಂಗು ಹಿಡಿದು ಒಂದು ಗಳಿಗೆ ನಿಂತ. ಟ್ರೇಗೆ ಹಾಕಲು ಮನಸ್ಸೊಪ್ಪಲಿಲ್ಲ. ನೆಲದ ಮೇಲೆ ಹಾಕಿದರೆ ಹೆಂಡತಿ ಬಿಡುವಳಲ್ಲ. ಮೆಲ್ಲಗೆ ಪ್ಯಾಂಟಿನ ಜೇಬಿಗೆ ಇಳಿಸಿದ. ಎರಡನೆಯದೂ ವಾಲಿತು, ಅದೂ ಜೇಬಿಗೆ. ಮೂರನೆಯದು, ನಾಲ್ಕನೆಯದು ಕೂಡ ಹೋದವು. ಒಳಗಿನ ಬಣ್ಣವೆಲ್ಲ ಕಳೆದು ಮಷಿನ್ನು ದಾರಿಗೆ ಬರುವಷ್ಟರಲ್ಲಿ ಎರಡು ಜೇಬೂ ಉಬ್ಬಿ, ಪ್ಯಾಂಟು ಸೊಂಟದಿಂದ ಇಳಿಯತೊಡಗಿತ್ತು. ಒಂದು ಕೈಯಲ್ಲಿ ಪ್ಯಾಂಟು ಹಿಡಿದು, ಇನ್ನೊಂದು ಕೈಯಲ್ಲಿ ಮಷಿನ್ ಹಿಡಿದು, ಮುಖದಲ್ಲಿ ನಗು ಹಿಡಿದು ಅವನು ನಿಂತಿದ್ದ. ಮೇಡಂ ಮಷಿನ್ ನೋಡುತ್ತಿರಲಿಲ್ಲ. ಜೇಬನ್ನೇ ನೋಡುತ್ತಿದ್ದರು.

"ಸರಿಯಿಲ್ಲದ ಪೀಸ್ ಬಂದ್ರೆ ಏನು ಮಾಡ್ತೀರಿ?" ಎಂದು ಕೇಳಿದರು. ಅಲ್ಲಿಯವರೆಗೆ ಕೇಳಿದ್ದಕ್ಕಿಂತ ಈ ಪ್ರಶ್ನೆ ಮೆತ್ತಗಿತ್ತು.

ಸ್ಪ್ರಿಂಗಪ್ಪ ಬಾಯಿ ತೆರೆದ. ಗಾಜಿನ ತುಂಡು, ಕೆಂಪು ಬಣ್ಣ, ಎರಡು ಡಬ್ಬ ಎಲ್ಲವೂ ಗಂಟಲಲ್ಲಿ ಸಾಲಾಗಿ ನಿಂತಿದ್ದವು. ಹಿಂದಿನಿಂದ ಸ್ಟೋರ್ ಮಾವ ಕೋಟಿನ ಗುಂಡಿ ತಿರುಗಿಸಿದ. ಹೆಂಡತಿ ಕಣ್ಣಲ್ಲೇ 'ಹೇಳಬೇಡಿ' ಎಂದಳು. ಮಷಿನ್ ಕೊಳ್ಳಲು ಬಂದವನು ಗೇರು ಎಣಿಸಿದ್ದು ನೆನಪಾಯಿತು.

"ನಮ್ಮಲ್ಲಿ... ಕೆಟ್ಟದ್ದು ಆಗೋದೇ ಇಲ್ಲ ಮೇಡಂ."

"ಒಂದೂ ಇಲ್ವಾ?"

"ಒಂದೂ ಇಲ್ಲ," ಎಂದ. ಜೇಬಿನಿಂದ ಒಂದು ಸ್ಪ್ರಿಂಗು ಟಣ್ಣನೆ ಹಾರಿ, ಒದ್ದೆ ನೆಲದ ಮೇಲೆ ಕುಣಿಯುತ್ತ ಹೋಗಿ ಮೇಡಂ ಅವರ ಚಪ್ಪಲಿಗೆ ಒರಗಿ ನಿಂತಿತು. ಅದೂ ವಾಲಿಕೊಂಡೇ ನಿಂತಿತು.

ಮೇಡಂ ಬಗ್ಗಿ ಅದನ್ನು ಎತ್ತಿ ಮೇಜಿನ ಮೇಲಿಟ್ಟರು. "ನಮ್ಮಲ್ಲಿ ಆಗುತ್ತೆ," ಎಂದರು. ಆಮೇಲೆ, "ನೀವು ಕಳಿಸಿದ ಸ್ಯಾಂಪಲ್ ತುಂಬಾ ಚೆನ್ನಾಗಿತ್ತು," ಎಂದು ಹೇಳಿ, ಹಿಂದಿನ ಬಾಗಿಲಿಂದ ಓಣಿಗೆ ಇಳಿದರು.

"ಚೆನ್ನಾಗಿತ್ತು ಅಂದ್ರಲ್ಲ. ಆಯ್ತು ಬಿಡು, ಕೆಲಸ ಸಿಕ್ಕ ಹಾಗೇನೇ," ಎಂದು ಸ್ಟೋರ್ ಮಾವ ಕೋಟು ಬಿಚ್ಚಿದ. ಅತ್ತೆ ಪ್ಯಾಕಿಂಗ್ ವಿಭಾಗದಲ್ಲಿ ತೂಕಡಿಸುತ್ತಿದ್ದರು. ಸ್ಪ್ರಿಂಗಪ್ಪ ಜೇಬು ಖಾಲಿ ಮಾಡುತ್ತ, ಕಾರು ಹೊರಡುವ ಸದ್ದಿಗೆ ಕಿವಿಗೊಟ್ಟು ಕಾದ. ಸದ್ದು ಬರಲಿಲ್ಲ. ಬಹಳ ಹೊತ್ತಾದ ಮೇಲೆ ಬಂತು. ಅಷ್ಟು ಹೊತ್ತು ಓಣಿಯಲ್ಲಿ ನೋಡುವಂಥದ್ದು ಏನಿತ್ತು ಎಂಬುದು ಅವನಿಗೆ ಅರ್ಥವಾಗಲಿಲ್ಲ.

ಅರ್ಥವಾದದ್ದು ಸಂಜೆ ಭಾಮೈದ ಬಂದಾಗ. ಎಂದೂ ಬಾಗಿಲು ತಟ್ಟಿ ಬಂದವನಲ್ಲ, ಅಂದು ತಟ್ಟಿದ. ಕಾಲು ಒರೆಸಿಕೊಂಡು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ. ಸ್ಟೋರ್ ಮಾವ ಅಲ್ಲೇ ಇದ್ದ. ಕೆಲಸ ಸಿಕ್ಕ ಖುಷಿಗೆ ಎರಡನೆಯ ಟೀ ಕುಡಿಯುತ್ತಿದ್ದ.

"ಭಾವ, ಬೈಯಬೇಡಿ," ಎಂದ ಭಾಮೈದ. "ನಾನು ಆಗ ತಾನೇ ಬಂದು ಬೀಗ ತೆಗೀತಿದ್ದೆ. ಆ ಮೇಡಂ ಕಾರು ಹತ್ತೋಕೆ ಹೋದೋರು ನನ್ನ ಬಾಗಿಲಲ್ಲಿ ನಿಂತುಬಿಟ್ರು. ಡಬ್ಬದೊಳಗೆ ಕೈ ಹಾಕಿ, 'ಕೆಟ್ಟದ್ದಕ್ಕೆಲ್ಲ ಕೆಂಪು ಬಣ್ಣ ಹಚ್ಚಿ ಬೇರೆ ಇಡ್ತೀರಾ?' ಅಂದ್ರು."

"ನೀನೇನಂದೆ?"

"ನಾನೇನೂ ಅನ್ನಲಿಲ್ಲ. ತಲೆ ಕೆರ್ಕೊಂಡೆ."

"ಅದಕ್ಕೆ?"

"'ಒಳ್ಳೆ ಅಭ್ಯಾಸ' ಅಂದ್ರು."

ಸ್ಪ್ರಿಂಗಪ್ಪನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"'ಬೆಳಗಿನಿಂದ ಇದನ್ನೇ ಹುಡುಕ್ತಿದ್ದೆ' ಅಂದ್ರು. 'ಕೆಟ್ಟ ಪೀಸು ಎಲ್ಲರ ಹತ್ರಾನೂ ಆಗುತ್ತೆ. ಅದು ಡಬ್ಬದಲ್ಲಿ ಕಾಣದಿದ್ರೆ ನಮ್ಮ ಪಂಪಿನೊಳಗೆ ಬರ್ತಿದೆ ಅಂತ ಅರ್ಥ. ಪಕ್ಕದೋರು ಅದನ್ನ ಜೇಬಿಗೆ ಹಾಕ್ಕೋತಾರೆ, ಪಾಪ' ಅಂದ್ರು." ಭಾಮೈದ ತಲೆ ತಗ್ಗಿಸಿದ. "ಆರ್ಡರು ನನಗೆ ಕೊಟ್ಟುಬಿಟ್ರು ಭಾವ."

ಸ್ಟೋರ್ ಮಾವ ಟೀ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟು, ಗೋಡೆ ಎಷ್ಟು ದೂರವಿದೆ ಎಂದು ಅಳೆಯುವವನಂತೆ ಬಾಗಿಲ ಕಡೆ ನೋಡಿದ. ಅತ್ತೆಗೆ ಮಗನಿಗಾಗಿ ನಗಬೇಕೋ ಅಳಿಯನಿಗಾಗಿ ಅಳಬೇಕೋ ತಿಳಿಯದೆ, ಮುಖ ಅರ್ಧರ್ಧ ಹಂಚಿಹೋಗಿತ್ತು. ಸ್ಪ್ರಿಂಗಪ್ಪ ಮಾತ್ರ ಬೆಳಗಿನಿಂದ ಕಾಡುತ್ತಿದ್ದ ಲೆಕ್ಕಕ್ಕೆ ಉತ್ತರ ಸಿಕ್ಕವನಂತೆ ಮೆಲ್ಲನೆ ತಲೆಯಾಡಿಸಿದ.

"ಓಹೋ. ಅದನ್ನ ನೋಡ್ತಾರಾ," ಎಂದ.

"ಅದನ್ನೇ ನೋಡ್ತಾರೆ. ಇನ್ನು ತಿಂಗಳು ತಿಂಗಳು ಬಂದು ನೋಡ್ತಾರಂತೆ. ಡಬ್ಬ ಖಾಲಿ ಕಂಡ್ರೆ ಆರ್ಡರ್ ವಾಪಸ್ಸು." ಭಾಮೈದ ಕುರ್ಚಿಯ ತುದಿಯಿಂದ ಇನ್ನೂ ತುದಿಗೆ ಸರಿದ. "ನನ್ನ ಮಾಲಲ್ಲಿ ಕೆಟ್ಟದ್ದು ಯಾವುದು ಅಂತ ನನಗೆಲ್ಲಿ ಗೊತ್ತಾಗುತ್ತೆ? ಹುಡುಕ್ತಾ ಕೂತ್ರೆ ಮಾಲು ಕೊಡೋದು ಯಾವಾಗ? ನಿಮಗಾದ್ರೆ ಕೈಗೆ ಬಂದಿರೋ ಕೆಲಸ, ಮಷಿನ್ನೂ ಖಾಲಿ ಇದೆ. ಭಾವ, ತಿಂಗಳಿಗೆ ಎರಡು ಡಬ್ಬ ಕೆಟ್ಟ ಸ್ಪ್ರಿಂಗು ಮಾಡಿ, ಬಣ್ಣ ಹಚ್ಚಿ ಕೊಡ್ತೀರಾ?"