ಎಫ್ ಬೇಕೋ ಬೇಡವೋ

ನಾನು ತಮಿಳುನಾಡಿನ ಗಡಿಯೂರು ಹೊಸೂರಿನ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿದ್ದೇನೆ. ಆದ್ದರಿಂದ ನಮ್ಮ ಮನೆಗೆ ಯಾವ ವಸ್ತುವೂ ಸುಲಭವಾಗಿ ಬರುವುದಿಲ್ಲ. ಬೋಲ್ಟು, ನಟ್ಟು, ವಾಷರು ಯಾವುದೇ ಆಗಲಿ, ಮೂರು ಕಡೆ ದರ ಕೇಳಿ, ಅಕ್ಕಪಕ್ಕ ಇಟ್ಟು ಹೋಲಿಸಿ, ಆಮೇಲಷ್ಟೇ ಕೊಳ್ಳಬೇಕೆಂಬುದು ಅಲ್ಲಿನ ನಿಯಮ. ಕಾರ್ಖಾನೆಯಲ್ಲಿ ಈ ಕೆಲಸಕ್ಕೆ ಸಂಬಳ ಕೊಡುತ್ತಾರೆ, ಮನೆಯಲ್ಲಿ ಇದೇ ಕೆಲಸಕ್ಕೆ ಬೈಸಿಕೊಳ್ಳುತ್ತೇನೆ. ಒಮ್ಮೆ ಗೀಸರ್ ಆರಿಸುತ್ತ ಆರಿಸುತ್ತ ಇಡೀ ಚಳಿಗಾಲ ಕಳೆದುಬಿಟ್ಟೆ. ತೀರ್ಮಾನಕ್ಕೆ ಬರುವ ಹೊತ್ತಿಗೆ ಯುಗಾದಿ ಹತ್ತಿರವಾಗಿತ್ತು. ‘ಇನ್ಯಾಕೆ ಬುಡಿ, ಬಿಸಿಲಿಗೆ ಟ್ಯಾಂಕಿನ ನೀರೇ ಕಾಯ್ತದೆ’ ಎಂದು ಹೆಂಡತಿ ಗಿರಿಜಾ ಹೇಳಿದಳು. ಅದು ಎಲ್ಲಕ್ಕಿಂತ ಕಡಿಮೆ ದರದ ಕೊಟೇಶನ್ ಆಗಿದ್ದರಿಂದ ನಾನು ಒಪ್ಪಲೇಬೇಕಾಯಿತು.

ಗಿರಿಜಾ ಇಲ್ಲೇ ಹತ್ತಿರದ ಗುಮ್ಮಳಾಪುರದವಳು. ಮನೆಯ ನಡುಕೋಣೆಯಲ್ಲಿ ಕುಳಿತು ಲಗ್ನಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿ ಮುದ್ರಣಕ್ಕೆ ಕಳಿಸುವುದು ಅವಳ ಕೆಲಸ. ನಮ್ಮ ಕಡೆ ಇದು ಸಣ್ಣ ಕೆಲಸವಲ್ಲ. ಗಂಡಿನ ಮನೆಯಲ್ಲಿ ಕನ್ನಡ, ಹೆಣ್ಣಿನ ಮನೆಯಲ್ಲಿ ತೆಲುಗು, ಕಲ್ಯಾಣ ಮಂಟಪದ ವಿಳಾಸ ತಮಿಳಿನಲ್ಲಿ. ಈ ಮೂರೂ ಲಿಪಿಗಳು ಒಂದೇ ಪತ್ರಿಕೆಯ ಮೇಲೆ ಜಗಳವಾಡದೆ ಕೂರಬೇಕು. ಅವಳ ಹಳೆಯ ಕಂಪ್ಯೂಟರಿಗೆ ಕನ್ನಡವೊಂದಿದ್ದರೆ ಹೇಗೋ ಆಗುತ್ತಿತ್ತು. ತೆಲುಗು ಸೇರಿದರೆ ಏದುಸಿರು ಬಿಡುತ್ತಿತ್ತು. ತಮಿಳೂ ಬಂದರೆ ಕಣ್ಣು ಮುಚ್ಚುತ್ತಿತ್ತು. ಆಗ ಅವಳು ಎದ್ದು ಹೋಗಿ ಉಪ್ಪಿಟ್ಟಿಗೆ ರವೆ ಹುರಿದು, ಒಗ್ಗರಣೆ ಹಾಕಿ, ಮತ್ತೆ ಬಂದು ನೋಡುತ್ತಿದ್ದಳು. ಹೀಗಾಗಿ ಮದುವೆಯ ಕಾಲದಲ್ಲಿ ನಮ್ಮ ಮನೆಯಲ್ಲಿ ಉಪ್ಪಿಟ್ಟು ಹೆಚ್ಚು.

ಆಷಾಢ ಶುರುವಾದಾಗ ಅವಳು ನನ್ನನ್ನು ಕೂರಿಸಿಕೊಂಡು ಹೇಳಿದಳು. ‘ನೋಡಿ, ಆಸಾಡ ಕಳೆಯೋದ್ರೊಳ್ಗೆ ಹೊಸ ಕಂಪ್ಯೂಟ್ರು ಬಂದ್ಬುಡ್ಬೇಕು. ಸ್ರಾವಣದಾಗೆ ಟೈಮಿಗೆ ಕಾರ್ಡ್ ಕೊಡ್ಲಿಲ್ಲಾಂದ್ರೆ ಎಲ್ಲಾರೂ ಬಸ್‌ಸ್ಟ್ಯಾಂಡ್ ಅಂಗ್ಡಿಗೆ ಹೋಗ್ಬುಡ್ತಾರೆ. ಒಂದ್ಕಿತ ಹೋದೋರು ತಿರ್ಗಿ ಬರಲ್ಲ.’ ಅವಳ ಧ್ವನಿಯಲ್ಲಿ ಹೆದರಿಕೆ ಇತ್ತು. ಬಸ್‌ಸ್ಟ್ಯಾಂಡ್ ಹತ್ತಿರ ಹೊಸದಾಗಿ ತೆರೆದ ಡಿಜಿಟಲ್ ಅಂಗಡಿಯವರು ಕೂತ ಜಾಗದಲ್ಲೇ ಪತ್ರಿಕೆ ಮಾಡಿಕೊಡುತ್ತಿದ್ದರು. ಗಿರಿಜಾ ಒಬ್ಬೊಬ್ಬರನ್ನೇ ಮಾತಾಡಿಸಿ, ಕಾಫಿ ಕೊಟ್ಟು, ಕಟ್ಟಿಕೊಂಡ ಗಿರಾಕಿಗಳು ಒಂದೇ ಶ್ರಾವಣದಲ್ಲಿ ಕೈಬಿಟ್ಟು ಹೋಗುವಂತಿದ್ದರು. ಅವಳ ಹೆದರಿಕೆ ನನಗೂ ತಗುಲಿತು. ಹೆದರಿದಾಗ ನಾನು ಮಾಡುವುದು ಒಂದೇ, ಹೋಲಿಕೆ ಪಟ್ಟಿ.

ಮಾನಿಟರು, ಕೀಬೋರ್ಡು, ಡಬ್ಬ ಎಲ್ಲವೂ ಬೇಗ ತೀರ್ಮಾನವಾದವು. ಸಿಕ್ಕಿಹಾಕಿಕೊಂಡದ್ದು ಪ್ರೊಸೆಸರಿನಲ್ಲಿ. ಇದು ಬಿಸ್ಕತ್ತಿನಷ್ಟು ದೊಡ್ಡ ಚೌಕ, ಕಂಪ್ಯೂಟರಿನ ಯೋಚನೆಯೆಲ್ಲ ಇದರಲ್ಲೇ ನಡೆಯುತ್ತದಂತೆ. ನಮ್ಮ ಅಳತೆಗೆ ಹೊಂದುವಂಥವು ಎರಡಿದ್ದವು. ಎರಡಕ್ಕೂ ಒಂದೇ ಹೆಸರು, ಒಂದೇ ಸಂಖ್ಯೆ, ಒಂದೇ ವೇಗ. ಒಂದರ ಸಂಖ್ಯೆಯ ಕೊನೆಯಲ್ಲಿ ಮಾತ್ರ ಇಂಗ್ಲಿಷಿನ ಎಫ್ ಅಕ್ಷರ. ಎಫ್ ಇದ್ದದ್ದಕ್ಕೆ ಪರದೆಯ ಮೇಲೆ ಚಿತ್ರ ಮೂಡಿಸುವ ಶಕ್ತಿ ಸ್ವಂತವಾಗಿ ಇಲ್ಲ. ಪಕ್ಕದಲ್ಲಿ ಗ್ರಾಫಿಕ್ಸ್ ಕಾರ್ಡ್ ಎಂಬ ಇನ್ನೊಂದು ಹಲಗೆ ಕೂರಿಸಿದರೆ ಮಾತ್ರ ಚಿತ್ರ ಬರುತ್ತದೆ. ಆ ಕೊರತೆಗಾಗಿ ಅದರ ಬೆಲೆ ಸ್ವಲ್ಪ ಕಡಿಮೆ. ಎಫ್ ಇಲ್ಲದ್ದಕ್ಕೆ ಯಾರ ಹಂಗೂ ಬೇಡ. ಬುದ್ಧಿ ಇದ್ದವರು ಇಷ್ಟು ಓದಿ ಎಫ್ ಇಲ್ಲದ್ದನ್ನು ತಂದು ಕೆಲಸ ನೋಡಿಕೊಳ್ಳುತ್ತಿದ್ದರು. ನಾನಾದರೋ ಮುಂದೆ ಎಂದಾದರೂ ಕಾರ್ಡ್ ಹಾಕಿದರೆ ಆ ಸ್ವಂತ ಶಕ್ತಿ ದಂಡವಾಗುವುದಲ್ಲ ಎಂದು ಚಿಂತಿಸಿದೆ. ಹಾಗೆಂದು ಎಫ್ ತಂದು, ಕಾರ್ಡ್ ಹಾಕಲಾಗದೆ ಹೋದರೆ ಏನು ಗತಿ ಎಂದೂ ಚಿಂತಿಸಿದೆ. ವಾಷರಿನ ವಿಷಯದಲ್ಲಿ ಹೀಗೆ ಮುಂದಾಲೋಚನೆ ಮಾಡಿದರೆ ನಮ್ಮ ಮ್ಯಾನೇಜರು ಬೆನ್ನು ತಟ್ಟುತ್ತಾರೆ.

ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ಸಾಮಾನು ಮಾರುವ ಸೆಲ್ವಂ ನನ್ನನ್ನು ಬಲು ತಾಳ್ಮೆಯಿಂದ ಸಹಿಸಿದ. ‘ಸಾರ್, ಎರಡೂ ಅಣ್ಣ ತಂಬಿ ಸಾರ್. ಯಾವ್ದು ತಗಂಡ್ರೂ ಒಂದೇ’ ಎಂದು ಮೊದಲ ದಿನ ಹೇಳಿದ. ಅಣ್ಣ ತಮ್ಮ ಒಂದೇ ಆಗುವುದಾದರೆ ಕೃಷ್ಣಗಿರಿ ಕೋರ್ಟಿನಲ್ಲಿ ಅಷ್ಟೊಂದು ಜನ ಯಾಕೆ ನಿಂತಿರುತ್ತಾರೆ ಎಂದು ನಾನು ಕೇಳಿದೆ. ಆಮೇಲಾಮೇಲೆ ನಾನು ಬರುವುದು ಕಂಡರೆ ಅವನು ಒಂದು ಸ್ಟೂಲ್ ಸರಿಸಿ ತನ್ನ ಕೆಲಸ ಮುಂದುವರಿಸುತ್ತಿದ್ದ.

ಹೀಗೇ ಆಷಾಢ ಮುಗಿಯಿತು. ಗಿರಿಜಾ ನೆನಪಿಸಿದಳು. ತಮಿಳರ ಆಡಿ ಮಾಸ ಇನ್ನೂ ಮುಗಿದಿಲ್ಲ, ಆಡಿಯಲ್ಲಿ ಯಾರೂ ಮದುವೆ ಮಾಡುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಎರಡು ಪಂಚಾಂಗಗಳ ಊರಿನಲ್ಲಿ ವಾಸಿಸುವುದರಿಂದ ಇಂಥ ಅನುಕೂಲಗಳಿವೆ. ‘ನಮ್ಮೋರ್ಗೂ ಆಡಿಗೂ ಏನ್ ಸಂಬಂದ? ಬೇರಿಕೆ ನಂಜುಂಡಪ್ಪನೋರು ಆಗ್ಲೇ ಮಗಳ ಮದ್ವೆ ಕಾರ್ಡಿಗೆ ಹೇಳೋಗವ್ರೆ’ ಎಂದಳು. ನಂಜುಂಡಪ್ಪ ಅವಳ ಅತಿ ದೊಡ್ಡ ಗಿರಾಕಿ. ಅವರ ಊರು ಬೇರಿಕೆಯ ಸುತ್ತ ಯಾರ ಮನೆಯ ಪತ್ರಿಕೆಯಾದರೂ ಅವರ ಬಾಯಿಮಾತಿನಿಂದಲೇ ನಮ್ಮ ಮನೆಗೆ ಬರುತ್ತಿತ್ತು. ಭಾನುವಾರ ಬೆಳಿಗ್ಗೆ ಬಂದು, ಪರದೆಯ ಮೇಲೆ ಪತ್ರಿಕೆ ನೋಡಿ ಒಪ್ಪಿಗೆ ಕೊಡುತ್ತೇನೆ ಎಂದು ಅವರು ಹೇಳಿ ಹೋಗಿದ್ದರು. ಆ ವಾರವೇ ಹಳೆಯ ಕಂಪ್ಯೂಟರ್ ತಮಿಳು ಬಂದ ಕೂಡಲೇ ಮುಚ್ಚಿದ ಕಣ್ಣನ್ನು ಮತ್ತೆ ತೆರೆಯಲಿಲ್ಲ. ಪುಣ್ಯಕ್ಕೆ ಅವಳು ಮಾಡಿಟ್ಟಿದ್ದ ಪತ್ರಿಕೆಗಳೆಲ್ಲ ಪೆನ್‌ಡ್ರೈವಿನಲ್ಲಿದ್ದವು. ನಾನು ತೀರ್ಮಾನ ಮಾಡಲೇಬೇಕಾಯಿತು. ಮಾಡಿದೆ. ಎಫ್ ಬೇಡ.

ಈ ತೀರ್ಮಾನದಿಂದ ಮೊದಲು ನೊಂದವರು ನನ್ನ ಅಪ್ಪ. ಇದನ್ನು ವಿವರಿಸಬೇಕಾದರೆ ನನ್ನ ಹೆಸರಿನ ಕತೆ ಹೇಳಬೇಕು. ಗದಗದ ಕಡೆಯ ನಮ್ಮೂರಿನಲ್ಲಿ ನಾನು ಶಿವಪುತ್ರ ಫಕೀರಪ್ಪ ಉಳ್ಳಾಗಡ್ಡಿ. ಮೊದಲು ನನ್ನ ಹೆಸರು, ಆಮೇಲೆ ಅಪ್ಪನದು, ಕೊನೆಗೆ ಮನೆತನದ್ದು. ತಮಿಳುನಾಡಿನಲ್ಲಿ ಇಷ್ಟುದ್ದದ ಹೆಸರಿಗೆ ಜಾಗವಿಲ್ಲ. ಅಪ್ಪನ ಹೆಸರಿನ ಮೊದಲ ಅಕ್ಷರ ಮುಂದೆ, ಸ್ವಂತ ಹೆಸರು ಹಿಂದೆ, ಮುಗಿಯಿತು. ಹೊಸೂರಿಗೆ ಬಂದ ವರ್ಷವೇ ನನ್ನ ಉಳ್ಳಾಗಡ್ಡಿ ಉದುರಿಹೋಗಿ ನಾನು ಎಫ್. ಶಿವಪುತ್ರ ಆದೆ. ಇಲ್ಲಿ ಮುನಿಸ್ವಾಮಿಯ ಮಕ್ಕಳು, ಕೃಷ್ಣಪ್ಪನ ಮಕ್ಕಳು ಬೇಕಾದಷ್ಟು. ಫಕೀರಪ್ಪನ ಮಗ ನಾನೊಬ್ಬನೇ. ಎಫ್ ಎಂದರೆ ಯಾರೂ ನಂಬುವುದಿಲ್ಲ. ತಮಿಳಿನಲ್ಲಿ ಆ ಸದ್ದು ಅಪರೂಪ, ಆದ್ದರಿಂದ ಎಲ್ಲರೂ ಉಪಕಾರ ಮಾಡುವವರ ಹಾಗೆ ಅದನ್ನು ತಿದ್ದಿ ಪಿ ಮಾಡುತ್ತಾರೆ. ಗ್ಯಾಸಿನವರು, ಕೇಬಲ್ಲಿನವರು, ರಕ್ತ ಪರೀಕ್ಷೆಯವರು, ಎಲ್ಲರ ಹತ್ತಿರವೂ ನಾನು ‘ಪಿ ಅಲ್ಲ, ಎಫ್’ ಎಂದು ಹೋರಾಡಿದ್ದೇನೆ. ಮನೆತನದ ಹೆಸರನ್ನಂತೂ ಉಳಿಸಿಕೊಳ್ಳಲಾಗಲಿಲ್ಲ, ಅಪ್ಪನನ್ನಾದರೂ ಬಿಟ್ಟುಕೊಡಬಾರದೆಂಬ ಹಟ. ಇದರಲ್ಲಿ ನನಗೆ ನಿಜವಾಗಿಯೂ ಹೆಮ್ಮೆ ಇದೆ.

ಫೋನಿನಲ್ಲಿ ಅಪ್ಪನಿಗೆ, ‘ಬಾಳ ದಿನ ಯೋಚನೆ ಮಾಡಿ, ಕಡೀಕ ಎಫ್ ಬ್ಯಾಡಂತ ನಿರ್ಧಾರ ಮಾಡೀನಪ್ಪಾ’ ಎಂದೆ. ಅಪ್ಪ, ‘ಆತು ಬಿಡು. ಇಷ್ಟ ವರ್ಷ ನನ್ನ ಅಕ್ಷರ ಹಚ್ಚಿಕೊಂಡಿದ್ದಿಯಲ್ಲಾ, ಅದ ಸಾಕು’ ಎಂದರು. ಇದು ಕಂಪ್ಯೂಟರಿನ ಮಾತೆಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಬಾಯಿ ಒಣಗಿತು. ‘ಹಂಗಾದ್ರ ಎಫ್ ಇದ್ದದ್ದಕ್ಕ ಏನ್ ಕಡಿಮಿ?’ ಎಂದು ಕೇಳಿದರು. ಸ್ವಂತ ಚಿತ್ರ ಬರುವುದಿಲ್ಲ ಎಂದೆ. ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಆ ಸಂಜೆಯೇ ಸೆಲ್ವಂ ಅಂಗಡಿಗೆ ಹೋಗಿ ನನ್ನ ತೀರ್ಮಾನ ತಿಳಿಸಿದೆ. ಅವನು ಎದ್ದು ನಿಂತು ನನ್ನ ಕೈ ಕುಲುಕಿದ. ಬಿಲ್ಲು ಮತ್ತು ಗ್ಯಾರಂಟಿ ಬೆಂಗಳೂರಿನ ಸಗಟು ವ್ಯಾಪಾರಿಯಿಂದ ನೇರವಾಗಿ ನನ್ನ ಹೆಸರಿಗೇ ಬರಬೇಕೆಂದು ಹೇಳಿದೆ. ಖರೀದಿ ವಿಭಾಗದವರಿಗೆ ಇಂಥ ಸೂಕ್ಷ್ಮಗಳು ಗೊತ್ತಿರುತ್ತವೆ. ಸೆಲ್ವಂ ಫೋನಿನ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು, ಆ ವ್ಯಾಪಾರಿಗೆ ತಮಿಳಿನಲ್ಲಿ ಮೊದಲು ನನ್ನ ಹೆಸರು ಹೇಳಿದ, ‘ಪಿ. ಶಿವಪುತ್ತಿರನ್’ ಎಂದು. ಉಸಿರು ಬಿಡದೆ ಪ್ರೊಸೆಸರಿನ ಸಂಖ್ಯೆಯನ್ನೂ ಹೇಳಿಬಿಟ್ಟ. ನನಗೆ ತಡೆಯಲಾಗಲಿಲ್ಲ. ಫೋನಿನ ಮೇಲೆ ಬಗ್ಗಿ, ‘ಎಫ್, ಎಫ್’ ಎಂದೆ. ಹೊರಗೆ ತಳಿ ಊರಿನ ಬಸ್ಸು ಹಾರ್ನ್ ಹಾಕುತ್ತಿತ್ತು. ‘ಎಫ್‌ಆ?’ ಎಂದು ಆ ಕಡೆಯಿಂದ ಕೇಳಿದರು. ‘ಎಫ್ ದಾನ್. ಎಫ್ ಮುಕ್ಕಿಯಂ’ ಎಂದು ನನಗೆ ಬರುವ ಅತ್ಯುತ್ತಮ ತಮಿಳಿನಲ್ಲಿ, ಎಫ್ ಬಹಳ ಮುಖ್ಯ ಎಂದು ಒತ್ತಿ ಹೇಳಿದೆ. ಸೆಲ್ವಂ ಬೇರೆ ಗಿರಾಕಿಗೆ ಮೌಸ್ ತೋರಿಸುತ್ತಿದ್ದ. ಅಪ್ಪನ ಮರ್ಯಾದೆ ಉಳಿಸಿದ ತೃಪ್ತಿಯಲ್ಲಿ ನಾನು ಮನೆಗೆ ಬಂದು ಎರಡು ಬಾರಿ ಬಡಿಸಿಕೊಂಡು ಊಟ ಮಾಡಿದೆ.

ಸಾಮಾನು ಶನಿವಾರ ಬಂತು. ಸೆಲ್ವಂ ತಾನೇ ಜೋಡಿಸಿಕೊಡುತ್ತೇನೆ ಎಂದ. ಇಷ್ಟು ದಿನ ಇಷ್ಟೆಲ್ಲ ವಿಡಿಯೋ ನೋಡಿದವನು ಬೇರೆಯವರ ಕೈಯಲ್ಲಿ ಜೋಡಿಸಿಕೊಳ್ಳುವುದೇ? ಭಾನುವಾರ ಬೆಳಿಗ್ಗೆ ನಂಜುಂಡಪ್ಪನವರು ಬಂದು ನಡುಕೋಣೆಯಲ್ಲಿ ಕೂತಾಗ ನಾನು ಕೊನೆಯ ಸ್ಕ್ರೂ ಬಿಗಿಯುತ್ತಿದ್ದೆ. ಸಗಟು ವ್ಯಾಪಾರಿಯ ಬಿಲ್ಲು ಕೊಡಲೆಂದು ಸೆಲ್ವಂ ಕೂಡ ಮಧ್ಯಾಹ್ನದೊಳಗೆ ಬರುವವನಿದ್ದ. ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಡಬ್ಬದೊಳಗೆ ಕೆಂಪು, ಹಸಿರು ದೀಪಗಳು ಗಣೇಶನ ಮಂಟಪದ ಹಾಗೆ ಹತ್ತಿಕೊಂಡವು. ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಕೇಬಲ್ ಬಿಚ್ಚಿ ಹಾಕಿದೆ. ಮಾನಿಟರಿನ ಬೆನ್ನು ತಟ್ಟಿದೆ. ನಂಜುಂಡಪ್ಪನವರು, ‘ಏನಮ್ಮಾ, ಕರೆಂಟಿಲ್ವಾ?’ ಎಂದು ಕೇಳಿದರು. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಗಿರಿಜಾ ಪ್ರೊಸೆಸರ್ ಬಂದಿದ್ದ ಖಾಲಿ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

‘ರೀ, ಇದ್ರಾಗೆ ಕೊನೇಲಿ ಎಫ್ ಐತಲ್ಲ.’

ನಾನು ನೋಡಿದೆ. ಇತ್ತು. ಜೋಡಿಸುವ ಆತುರದಲ್ಲಿ ಪೆಟ್ಟಿಗೆಯ ಮೇಲೆ ಏನು ಬರೆದಿದೆ ಎಂದು ಓದುವಷ್ಟು ಪುರುಸೊತ್ತು ನನಗಿರಲಿಲ್ಲ. ನಂಜುಂಡಪ್ಪನವರು ಗಡಿಯಾರ ನೋಡಿ, ‘ಬತ್ತೀನಿ ಕಣಮ್ಮ, ಬಸ್‌ಸ್ಟ್ಯಾಂಡ್ ತಾವ ಯಾರೋ ಬಿರ್‌ಬಿರ್ನೆ ಮಾಡ್ಕೊಡ್ತಾರಂತೆ, ಅಲ್ಲೊಂದ್ಕಿತ ನೋಡ್ತೀನಿ’ ಎಂದು ಏಳಹೊರಟರು. ಗಿರಿಜಾಳ ಮುಖ ಬಾಡಿತು. ಆ ಮುಖ ನೋಡಿ ನನಗೆ ನನ್ನ ಮೇಲೇ ಅಸಹ್ಯವಾಯಿತು. ಆದರೆ ಅವಳು ಅವರನ್ನು ಬಾಗಿಲವರೆಗೂ ಹೋಗಲು ಬಿಡಲಿಲ್ಲ. ‘ಕಾಪಿ ಕುಡ್ಕಂಡೋಗಿ. ಅಂದಂಗೆ ನಿಮ್ಮ ತಮ್ಮಂದ್ರಿಬ್ರಲ್ಲಿ ಯಾರ ಹೆಸ್ರು ಮೊದ್ಲು ಹಾಕ್ಲಿ?’ ಎಂದಳು. ನಂಜುಂಡಪ್ಪನವರು ಹಾಗೇ ಕೂತುಬಿಟ್ಟರು. ಅವರ ತಮ್ಮಂದಿರು ಅವಳಿ. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬ ವಿಷಯದಲ್ಲಿ ಮನೆಯಲ್ಲಿ ಮಾತು ನಿಂತುಹೋಗಿದೆಯಂತೆ. ಅದನ್ನು ಹೇಳಿಕೊಳ್ಳಲು ಅವರಿಗೊಂದು ಕಿವಿ ಬೇಕಿತ್ತು. ಅವರು ಹೇಳುತ್ತಿರುವಾಗಲೇ ಗಿರಿಜಾ ಒಳಗೆ ಹೋಗಿ ಸೆಲ್ವಂಗೆ ಫೋನ್ ಮಾಡಿದ್ದು ನನಗೆ ಕೇಳಿಸಿತು. ‘ಅಣ್ಣಾ, ಹಳೇ ಗ್ರಾಫಿಕ್ಸ್ ಕಾರ್ಡ್ ಇದ್ರೆ ಈಗ್ಲೇ ತಗಂಡು ಬನ್ನಿ. ಬಿಲ್ಲು ಆಮೇಲೆ ನೋಡನ.’

ಎರಡನೆಯ ಕಾಫಿಯ ಹೊತ್ತಿಗೆ ಸೆಲ್ವಂ ಬಂದ. ಯಾರದೋ ಕಂಪ್ಯೂಟರಿನಿಂದ ಬಿಚ್ಚಿಟ್ಟಿದ್ದ ಕಾರ್ಡನ್ನು ಒರೆಸಿ ಕೂರಿಸಿದ. ಪರದೆ ಬೆಳಗಿತು. ಕನ್ನಡ, ತೆಲುಗು, ತಮಿಳು ಮೂರೂ ಒಟ್ಟಿಗೆ ಕಣ್ಣು ಬಿಟ್ಟವು. ಗಿರಿಜಾ ಅವಳಿ ತಮ್ಮಂದಿರ ಹೆಸರನ್ನು ಮೇಲೆ ಕೆಳಗೆ ಬರೆಯದೆ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಇಟ್ಟಳು. ಕನ್ನಡದಲ್ಲಿ ಒಬ್ಬನ ಹೆಸರು ಮೊದಲು, ತೆಲುಗಿನಲ್ಲಿ ಇನ್ನೊಬ್ಬನದು. ಒಂದು ನಿಮಿಷವೂ ಹಿಡಿಯಲಿಲ್ಲ. ನಂಜುಂಡಪ್ಪನವರು ಪರದೆಯ ಮುಂದೆ ಕೈ ಮುಗಿದು, ಇನ್ನೂ ಎರಡು ಮನೆಯ ಪತ್ರಿಕೆ ಕಳಿಸುತ್ತೇನೆ ಎಂದು ಹೇಳಿ ಹೋದರು.

ಪೆಟ್ಟಿಗೆ ಒಡೆದ ಪ್ರೊಸೆಸರನ್ನು ವಾಪಸು ತೆಗೆದುಕೊಳ್ಳುವುದಿಲ್ಲವಂತೆ. ಎಫ್ ನಮ್ಮ ಮನೆಯಲ್ಲೇ ಉಳಿಯಿತು. ‘ಹೋಗ್ಲಿ ಬುಡಿ. ಎಫ್ ಇರೋರ್ಗೆ ಪಕ್ಕದಾಗೆ ಒಂದು ಕಾರ್ಡಿದ್ರೆ ಎಲ್ಲಾ ಸರೋಗ್ತದೆ’ ಎಂದು, ಲಗ್ನಪತ್ರಿಕೆಯ ಮೇಲಿಂದ ಕಣ್ಣೆತ್ತದೆ ಗಿರಿಜಾ ಹೇಳಿದಳು. ಅವಳು ಪ್ರೊಸೆಸರಿನ ವಿಷಯ ಹೇಳಿದಳೆಂದೇ ನಾನು ಅಂದುಕೊಂಡಿದ್ದೇನೆ. ಬೆಂಗಳೂರಿನವರ ಮೇಲೆ ರೇಗಬೇಕೆಂದು ಸೆಲ್ವಂ ಕೈಯಿಂದ ಬಿಲ್ಲು ತೆಗೆದುಕೊಂಡು ನೋಡಿದೆ. ನಾನು ಕೂಗಿ ಹೇಳಿದ್ದ ಎಫ್ ಅಲ್ಲಿ ಅಚ್ಚುಕಟ್ಟಾಗಿ, ಪ್ರೊಸೆಸರಿನ ಸಂಖ್ಯೆಯ ಬಾಲದಲ್ಲಿ ಕೂತಿತ್ತು. ಗಿರಾಕಿಯ ಹೆಸರು ಪಿ. ಶಿವಪುತ್ತಿರನ್. ಸೆಲ್ವಂ ನನ್ನ ಮುಖ ನೋಡಿ, ‘ಸಾರಿ ಸಾರ್. ಅವ್ರಿಗೆ ಹೇಳಿ ಎಫ್ ಹಾಕಿಸ್ಲಾ?’ ಎಂದ.

‘ಬೇಡ ಸೆಲ್ವಂ, ಪಿ ಇರಲಿ’ ಎಂದೆ. ಗ್ಯಾರಂಟಿ ಮೂರು ವರ್ಷವಂತೆ. ಅಲ್ಲಿಯವರೆಗೆ ನಾನು ಪಿ. ಅಪ್ಪನಿಗೆ ಇನ್ನೂ ಹೇಳಿಲ್ಲ.